ನಟ್ಟು-ಬೋಲ್ಟಿನ ಮನೆ ಬಿಚ್ಚಲು ಇಷ್ಟು ತಡವೇಕೆ?

ಪ್ರಶ್ನೆ: ನಾನು ಶೆಡ್ ಫ್ಯಾಬ್ರಿಕೇಶನ್ ಕೆಲಸದವನು. ನಟ್ಟು-ಬೋಲ್ಟು ಹಾಕಿ ನಿಲ್ಲಿಸಿದ ಗೋದಾಮನ್ನು ಬಿಚ್ಚಿ ಇನ್ನೊಂದು ಕಡೆ ನಿಲ್ಲಿಸುವುದು ನಮಗೆ ದಿನಗಳ ಲೆಕ್ಕದ ಕೆಲಸ. ಆದರೆ ಅಮೆರಿಕದಲ್ಲಿ ಅಲ್ಯೂಮಿನಿಯಂನ ಹಳೇ ಮನೆಯೊಂದನ್ನು ಬಿಚ್ಚಿ ಮತ್ತೆ ನಿಲ್ಲಿಸಲು ಹನ್ನೆರಡು ವರ್ಷ ಹಿಡಿಯಿತೆಂದು ಓದಿದೆ. ಜೋಡಿಸಲೆಂದೇ ಮಾಡಿದ ಮನೆ ಬಿಚ್ಚುವುದು ಅಷ್ಟು ಕಷ್ಟವೇ? ಅಂಥ ಮನೆಗಳು ನಮ್ಮ ಕಡೆಯೂ ಇವೆಯೇ?
— ಓದುಗರೊಬ್ಬರು, ಆನೆಕೊಂಡ, ದಾವಣಗೆರೆ

ಉತ್ತರ: ನೀವು ಓದಿದ್ದು ಅಲ್ಯೂಮಿನೇರ್ ಹೌಸ್ ಎಂಬ ಮನೆಯ ಕಥೆ ಇರಬೇಕು. ಹನ್ನೆರಡು ವರ್ಷದ ಲೆಕ್ಕ ಸರಿಯೇ. ಅದರಲ್ಲಿ ಬಹುಪಾಲು ವರ್ಷಗಳು ಪಾನಾ ಹಿಡಿದು ಕಳೆದವಲ್ಲ, ಜಾಗ ಮತ್ತು ದುಡ್ಡಿಗಾಗಿ ಕಾದು ಕಳೆದವು. ಹಾಗೆಂದು ಬಿಚ್ಚುವ ಕೆಲಸ ಸಲೀಸು ಎಂದೂ ಅಲ್ಲ. ನಿಮ್ಮ ಗೋದಾಮಿಗೂ ಆ ಮನೆಗೂ ಇರುವ ವ್ಯತ್ಯಾಸ ಒಂದೇ: ಗೋದಾಮು ಬಿಚ್ಚುವಾಗ ನಿಮಗೆ ಬೇಕಾದದ್ದು ಮಾಲು. ಹಾಳಾದ ತಗಡು ಬಿಸಾಕಿ ಹೊಸದು ಹಾಕುತ್ತೀರಿ, ತೂತು ಕೂಡದಿದ್ದರೆ ಪಕ್ಕದಲ್ಲೇ ಇನ್ನೊಂದು ಕೊರೆಯುತ್ತೀರಿ. ಹಳೇ ಮನೆ ಬಿಚ್ಚುವವರಿಗೆ ಮಾಲಿನಷ್ಟೇ ಮುಖ್ಯವಾದದ್ದು ಜೋಡಣೆ. ಯಾವ ತುಂಡು ಯಾವುದರ ಮೇಲೆ ಕೂತಿತ್ತು, ಮೊದಲು ಯಾವುದನ್ನು ಬಿಗಿದರು, ಎಲ್ಲಿ ಎಷ್ಟು ಸಡಿಲ ಬಿಟ್ಟಿದ್ದರು ಎಂಬುದು. ಬಿಚ್ಚಿದ ಕ್ಷಣಕ್ಕೆ ಕೈತಪ್ಪಿ ಹೋಗುವುದೂ ಅದೇ. ಕಬ್ಬಿಣ ನೆಲದ ಮೇಲೆ ಬಿದ್ದಿರುತ್ತದೆ, ಜೋಡಣೆ ಎಲ್ಲೂ ಇರುವುದಿಲ್ಲ, ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಉಳಿಯುತ್ತದೆ.

ಅಲ್ಯೂಮಿನೇರ್ ಕಥೆಯನ್ನೇ ತೆಗೆದುಕೊಳ್ಳಿ. 1931ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಒಂದು ವಸ್ತುಪ್ರದರ್ಶನಕ್ಕೆಂದು ಲಾರೆನ್ಸ್ ಕೋಕರ್ ಮತ್ತು ಆಲ್ಬರ್ಟ್ ಫ್ರೇ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಮಾಡಿದ ಮನೆ ಅದು. ಫ್ರೇ ಸ್ವಿಟ್ಜರ್ಲೆಂಡಿನವರು, ಪ್ಯಾರಿಸ್‌ನಲ್ಲಿ ಲ ಕಾರ್ಬೂಸಿಯೆ ಅವರ ಕಚೇರಿಯಲ್ಲಿ ಪಳಗಿ ಆಗಷ್ಟೇ ಅಮೆರಿಕಕ್ಕೆ ಬಂದಿದ್ದರು. ನಮ್ಮವರಿಗೆ ಲ ಕಾರ್ಬೂಸಿಯೆ ಎಂದರೆ ಚಂಡೀಗಢ ಕಟ್ಟಿದವರು. ಮೂರು ಅಂತಸ್ತಿನ ಮನೆ, ಭಾರ ಹೊರಲು ಆರು ಅಲ್ಯೂಮಿನಿಯಂ ಕಂಬ, ಗೋಡೆಗೆ ತೆಳುವಾದ, ಗೀರುಗೀರಿನ ಅಲ್ಯೂಮಿನಿಯಂ ತಗಡು, ಅದರ ಹಿಂದೆ ಕಾಗದ ಮತ್ತು ಶಾಖ ತಡೆಯುವ ಹಲಗೆ. ತಗಡುಗಳನ್ನು ಹಿಡಿದದ್ದು ಸ್ಕ್ರೂ ಮತ್ತು ವಾಷರ್. ಹತ್ತು ದಿನದಲ್ಲಿ ಎದ್ದು ನಿಂತಿತು, ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಿ ಹೋದರು. ಪ್ರದರ್ಶನ ಮುಗಿದ ಮೇಲೆ ವ್ಯಾಲೇಸ್ ಹ್ಯಾರಿಸನ್ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಅದನ್ನು ಸಾವಿರ ಡಾಲರಿಗೆ ಕೊಂಡು, ಬಿಚ್ಚಿಸಿ, ಲಾಂಗ್ ಐಲೆಂಡಿನ ತಮ್ಮ ಜಮೀನಿಗೆ ಸಾಗಿಸಿದರು.

ಆಮೇಲೆ ನಡೆದದ್ದು ಈ ಕೆಲಸ ಮಾಡುವವರೆಲ್ಲ ನೆನಪಿಡಬೇಕಾದ ಸಂಗತಿ. ಬಿಚ್ಚುವಾಗ ತುಂಡು ತುಂಡಿಗೂ ಗುರುತು ಹಾಕಿದ್ದರು. ಹಾಕಿದ್ದು ಸೀಮೆಸುಣ್ಣದಲ್ಲಿ. ತುಂಡುಗಳನ್ನು ಬಯಲಿನಲ್ಲಿ ಇಟ್ಟರು, ಮಳೆ ಹೊಯ್ಯಿತು, ಗುರುತೆಲ್ಲ ತೊಳೆದು ಹೋಯಿತು. ಹತ್ತು ದಿನದಲ್ಲಿ ನಿಂತಿದ್ದ ಮನೆಯನ್ನು ಮತ್ತೆ ನಿಲ್ಲಿಸಲು ಒಂದೊಂದು ತುಂಡನ್ನೂ ಇನ್ನೊಂದಕ್ಕೆ ಹಿಡಿದು ಹಿಡಿದು ನೋಡಬೇಕಾಯಿತು.

ಹಾಗಾಗಿ ಇವತ್ತು ಹಳೇ ಲೋಹದ ಮನೆಗೆ ಕೈ ಹಚ್ಚುವವರು ಮೊದಲು ಮಾಡುವ ಕೆಲಸ ಬಿಚ್ಚುವುದಲ್ಲ, ಸಂಖ್ಯೆ ಹಾಕುವುದು. ಸುಣ್ಣದಲ್ಲೂ ಅಲ್ಲ, ಪೇಂಟಿನಲ್ಲೂ ಅಲ್ಲ. ಪೇಂಟಿನ ಗುರುತು ಮಳೆಗೆ ಹೋಗದಿದ್ದರೂ ತುಕ್ಕು ತೆಗೆಯುವಾಗ, ಬಣ್ಣ ಕೆರೆಯುವಾಗ ಹೋಗಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಚಿಕ್ಕ ಬಿಲ್ಲೆಗೆ ಪಂಚ್ ಹೊಡೆದು ಸಂಖ್ಯೆ ಮೂಡಿಸಿ ತಂತಿಯಲ್ಲಿ ಕಟ್ಟುತ್ತಾರೆ. ಬಿಲ್ಲೆ ಕಟ್ಟಲು ಮೊದಲೇ ಇರುವ ಬೋಲ್ಟಿನ ತೂತೇ ಆಗಬೇಕು, ಹೊಸದು ಕೊರೆಯುವಂತಿಲ್ಲ. ಸಂಖ್ಯೆಯಲ್ಲೇ ವಿಳಾಸವಿರುತ್ತದೆ: ಯಾವ ದಿಕ್ಕಿನ ಗೋಡೆ, ಎಷ್ಟನೇ ಸಾಲು, ಮೇಲಿನಿಂದ ಎಷ್ಟನೆಯದು, ಯಾವ ಮಗ್ಗುಲು ಹೊರಗೆ. ಅದೇ ಸಂಖ್ಯೆ ನಕ್ಷೆಯ ಮೇಲೂ ಫೋಟೋದ ಮೇಲೂ ಬರುತ್ತದೆ. ಈಗ ಲೇಸರ್ ಸ್ಕ್ಯಾನರಿನಿಂದ ಇಡೀ ಕಟ್ಟಡದ ಅಳತೆ ತೆಗೆಯುತ್ತಾರೆ. ಆದರೆ ಸ್ಕ್ಯಾನರ್ ಮೈ ನೋಡುತ್ತದೆ, ಒಳಗಿನ ಕೀಲು ನೋಡುವುದಿಲ್ಲ. ತಗಡಿನ ಹಿಂದೆ ಎರಡು ವಾಷರ್ ಇದ್ದವೋ ಮೂರೋ, ನಡುವೆ ಸೀಸದ ಪಟ್ಟಿ ಇತ್ತೋ ರಬ್ಬರಿತ್ತೋ ಎನ್ನುವುದನ್ನು ಬಿಚ್ಚುವವನೇ ಆ ಗಳಿಗೆಯಲ್ಲಿ ನೋಡಿ ಬರೆಯಬೇಕು. ಆದ್ದರಿಂದ ಒಬ್ಬ ಬಿಚ್ಚಿದರೆ ಪಕ್ಕದಲ್ಲಿ ಒಬ್ಬ ಬರೆಯುತ್ತಿರುತ್ತಾನೆ. ಇಬ್ಬರ ಕೆಲಸವೂ ಬರೆಯುವವನ ವೇಗದಲ್ಲಿ ಸಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ಒಳಗಿರುವ ಮಾತು: ಜೋಡಿಸಲೆಂದೇ ಮಾಡಿದ್ದು ಬಿಚ್ಚಲು ಬರಬೇಕಲ್ಲ? ಕಾರ್ಖಾನೆಯಿಂದ ಹೊರಟ ದಿನ ಬರುತ್ತಿತ್ತು. ಎಂಬತ್ತು, ನೂರು ವರ್ಷದ ಮೇಲೆ ಅದು ಬೇರೆ ವಸ್ತು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಎರಡು ಪಟ್ಟಿಗಳ ಸಂದಿಯಲ್ಲಿ ನೀರು ನಿಂತು ಅಲ್ಲಿ ತುಕ್ಕು ಬೆಳೆದರೆ ಪಟ್ಟಿಗಳನ್ನೇ ಬಗ್ಗಿಸುತ್ತದೆ, ರಿವೆಟ್ಟಿನ ತಲೆ ಹಾರಿಸುತ್ತದೆ. ನಟ್ಟು ಬೋಲ್ಟಿನ ಮರೆಯಲ್ಲಿ, ಅಂದರೆ ತಿರುಪಿನ ಗೆರೆಗಳಲ್ಲಿ, ಬೆಳೆದರೆ ಎರಡೂ ಒಂದೇ ಆಗಿಬಿಡುತ್ತವೆ. ಅಲ್ಯೂಮಿನಿಯಂ ಮನೆಯ ಕಷ್ಟ ಇನ್ನೊಂದು ಬಗೆಯದು. ಅಲ್ಯೂಮಿನಿಯಂ ತಗಡಿಗೆ ಉಕ್ಕಿನ ಸ್ಕ್ರೂ ಹಾಕಿ ಅಲ್ಲಿ ತೇವ ನಿಂತಿತೆಂದರೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿಯಲು ಶುರುವಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂ ಗಟ್ಟಿಯಾಗೇ ಇರುತ್ತದೆ, ಅದರ ಸುತ್ತ ತಗಡು ಬಿಳಿ ಪುಡಿಯಾಗಿ ಉದುರುತ್ತಿರುತ್ತದೆ. ನಮ್ಮ ಕಡೆಯ ಅಲ್ಯೂಮಿನಿಯಂ ಕಿಟಕಿಗಳಲ್ಲೂ ಕಬ್ಬಿಣದ ಸ್ಕ್ರೂ ಹಾಕಿದ ಕಡೆ ಇದನ್ನು ನೀವು ನೋಡಿಯೇ ಇರುತ್ತೀರಿ.

ಬಿಗಿದುಕೊಂಡ ನಟ್ಟಿಗೆ ನೀವು ಗ್ಯಾಸ್ ಕಟ್ಟರ್ ಹಚ್ಚುತ್ತೀರಿ. ಇಲ್ಲಿ ಆ ಮಾತೇ ಇಲ್ಲ. ಕಟ್ಟರಿನ ಉರಿಗೆ ಸುತ್ತಲ ತಗಡಿನ ಅಂಚು ಸುಡುತ್ತದೆ, ತೂತು ಅಗಲವಾಗುತ್ತದೆ. ಮೊದಲು ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯುತ್ತಾರೆ, ಆಮೇಲೆ ನಟ್ಟನ್ನಷ್ಟೇ ಹದವಾಗಿ ಕಾಯಿಸಿ ತಿರುಗಿಸಿ ನೋಡುತ್ತಾರೆ, ಬರದಿದ್ದರೆ ಬೋಲ್ಟನ್ನು ನಡುವಿನಿಂದ ಕೊರೆದು ತೆಗೆಯುತ್ತಾರೆ. ಬೋಲ್ಟು ಹೋಗಲಿ, ತಗಡು ಉಳಿಯಲಿ ಎಂಬ ಲೆಕ್ಕ. ಹಾಗೆಂದು ಎಲ್ಲ ಬೋಲ್ಟನ್ನೂ ಗುಜರಿಗೆ ಹಾಕುವಂತಿಲ್ಲ. ಹಳೇ ಇಂಗ್ಲಿಷ್ ಕಬ್ಬಿಣಕ್ಕೆ ಇರುವುದು ಜೋಸೆಫ್ ವಿಟ್ವರ್ತ್ 1841ರಲ್ಲಿ ರೂಪಿಸಿದ ಮರೆ, ಅದರ ಕೋನ 55 ಡಿಗ್ರಿ. ಇವತ್ತು ಅಂಗಡಿಯಲ್ಲಿ ಸಿಗುವ ಮೆಟ್ರಿಕ್ ಬೋಲ್ಟಿನದು 60. ಒಂದು ಇನ್ನೊಂದರಲ್ಲಿ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ. ಹಳೇದರ ಮಾದರಿ ಇಟ್ಟುಕೊಂಡು ಲೇತಿನಲ್ಲಿ ಹೊಸದು ತಿರುವಬೇಕು. ಇದು ನಿಮ್ಮ ಪಕ್ಕದ ಹರಿಹರಕ್ಕೆ ಹೊಸ ಕೆಲಸವೇನಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳನ್ನು ಮಾಡುತ್ತಿದ್ದುದೇ ಅಲ್ಲಿ. ಅಲ್ಲಿ ಪಳಗಿದ ಕೈಗಳಿಗೆ ಇಂಚಿನ ಮರೆಯೂ ಗೊತ್ತು, ಮಿಲಿಮೀಟರಿನದೂ ಗೊತ್ತು.

ಲೋಹದ ಜಾತಿ ತಿಳಿಯದೆ ಸುತ್ತಿಗೆ ಎತ್ತಬಾರದು ಎಂಬುದು ಮುಂದಿನ ಮಾತು. ಬೀಡು, ಅಂದರೆ ಎರಕದ ಕಬ್ಬಿಣ, ಒತ್ತಡ ತಡೆದಷ್ಟು ಏಟು ತಡೆಯುವುದಿಲ್ಲ, ಬಗ್ಗುವ ಬದಲು ಸಿಡಿಯುತ್ತದೆ. ಸಿಡಿದ ಬೀಡಿಗೆ ಸಾಮಾನ್ಯ ವೆಲ್ಡಿಂಗ್ ಹಚ್ಚಿದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು. ಉಕ್ಕು ಬಗ್ಗುತ್ತದೆ, ಬಗ್ಗಿದ್ದನ್ನು ನೆಟ್ಟಗೆ ಮಾಡಬಹುದು. 1940ರ ದಶಕದ ಅಮೆರಿಕದ ಲಸ್ಟ್ರಾನ್ ಮನೆಗಳಿಗೆ ಇನ್ನೂ ನಾಜೂಕಿನ ಮೈ. 1948ರಿಂದ 1950ರ ತನಕ ಓಹಾಯೋದ ಕೊಲಂಬಸ್‌ನಲ್ಲಿದ್ದ ಕಾರ್ಖಾನೆ ಅಂಥವನ್ನು ಸುಮಾರು 2,500ರಷ್ಟು ಮಾಡಿ ದಿವಾಳಿಯಾಯಿತು. ಒಂದು ಮನೆಯ ಸಾಮಾನೆಲ್ಲ ಒಂದೇ ಟ್ರಕ್ಕಿನಲ್ಲಿ ಬರುತ್ತಿತ್ತು. ಗೋಡೆ, ಚಾವಣಿ ಎಲ್ಲ ಉಕ್ಕಿನ ತಗಡೇ. ಅದರ ಮೇಲೆ ಗಾಜಿನ ಪುಡಿ ಸುಟ್ಟು ಕೂರಿಸಿದ ಹೊಳಪು, ನಮ್ಮ ಅಜ್ಜಿಯರ ಕಾಲದ ಬಿಳಿ ಎನಾಮೆಲ್ ತಟ್ಟೆಯಂತೆ. ಬಿಸಿಲಿಗೆ ಮಾಸದು, ಬಣ್ಣ ಬೇಡದು. ಆದರೆ ಬಿಚ್ಚುವಾಗ ಪಾನಾ ಜಾರಿ ಒಂದು ಚಕ್ಕೆ ಎದ್ದರೆ ಸಾಕು, ಅಲ್ಲಿಂದ ತುಕ್ಕು ಶುರು. ಮತ್ತೆ ಆ ಹೊಳಪು ಕೂರಿಸಬೇಕೆಂದರೆ ತಗಡನ್ನೇ ಭಟ್ಟಿಗೆ ಹಾಕಬೇಕು.

ಬಿಚ್ಚುವ ಕ್ರಮ ಕಟ್ಟಿದ ಕ್ರಮದ ತಿರುವುಮುರುವು ಎಂದು ಪುಸ್ತಕ ಹೇಳುತ್ತದೆ. ಕಟ್ಟುವಾಗ ಇದ್ದ ಆಧಾರಗಳು ಈಗ ಇರುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ಒಂದು ಗೋಡೆ ತೆಗೆದರೆ ಚೌಕಟ್ಟು ಓರೆಯಾಗುತ್ತದೆ, ಓರೆಯಾದ ಮೇಲೆ ಉಳಿದ ಬೋಲ್ಟುಗಳ ಮೇಲೆ ಭಾರ ಬಿದ್ದು ಅವು ತೂತನ್ನು ಹರಿಯುತ್ತವೆ. ಆದ್ದರಿಂದ ಮೊದಲೇ ಒಳಗೆ ಪೈಪಿನ ಅಟ್ಟಣೆ ನಿಲ್ಲಿಸಿ ಚೌಕಟ್ಟನ್ನು ಅದಕ್ಕೆ ಹಿಡಿಸಬೇಕು. ಹಳೇ ಬಣ್ಣದಲ್ಲಿ ಸೀಸವಿರುತ್ತದೆ, ಗ್ರೈಂಡರ್ ಹಚ್ಚಿ ಅದರ ಧೂಳು ಕುಡಿಯಬಾರದು. ಬಣ್ಣ ತೆಗೆಯುವ ಮುಂಚೆ ಒಂದು ಮೂಲೆಯಲ್ಲಿ ಪದರ ಪದರವಾಗಿ ಬಿಡಿಸಿ ಮೊದಲ ಬಣ್ಣ ಯಾವುದೆಂದು ನೋಡಿಕೊಳ್ಳಬೇಕು. ಹಾಗೆ ನೋಡಿದ ಒಂದು ಅಂಗೈ ಅಗಲದ ಜಾಗವನ್ನು ಮುಂದಿನವರಿಗಾಗಿ ಹಾಗೇ ಬಿಡುವವರೂ ಇದ್ದಾರೆ. ಅದು ನನಗೆ ತುಂಬ ಹಿಡಿಸಿದ ಪದ್ಧತಿ.

ಇಷ್ಟೆಲ್ಲ ತಾಪತ್ರಯ ಇರುವಾಗ ನಿಂತಲ್ಲೇ ದುರಸ್ತಿ ಮಾಡಬಾರದೇಕೆ? ಮಾಡಬಹುದು, ಮಾಡಬೇಕಾದದ್ದೂ ಅದೇ. ಬಿಚ್ಚುವುದು ಕೊನೆಯ ಉಪಾಯ. ತುಕ್ಕು ಸಂದಿಯ ಒಳಗೇ ಇದ್ದು ಹೊರಗಿನಿಂದ ಕೈ ಹೋಗದಿದ್ದಾಗ, ಇಲ್ಲವೇ ಮನೆ ನಿಂತ ಜಾಗವೇ ಕೈಬಿಟ್ಟುಹೋಗುವಾಗ ಮಾತ್ರ. ಅಲ್ಯೂಮಿನೇರ್ ಪಾಲಿಗೆ ಬಂದದ್ದು ಎರಡನೆಯ ಕಾರಣ. 1980ರ ದಶಕದ ಕೊನೆಗೆ ಅದನ್ನು ಕೆಡವುವ ಹೊತ್ತು ಬಂದಾಗ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ವಾಸ್ತುಶಿಲ್ಪ ವಿಭಾಗ ಬಿಚ್ಚಿಕೊಂಡು ಹೋಗಿ, ವಿದ್ಯಾರ್ಥಿಗಳ ಕೈಯಲ್ಲೇ ತನ್ನ ಆವರಣದಲ್ಲಿ ಜೋಡಿಸಿತು. ಆ ಆವರಣವೂ ಮುಚ್ಚಿತು. 2012ರಲ್ಲಿ ಮತ್ತೆ ಬಿಚ್ಚಿದರು. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯೊಂದರಲ್ಲಿ ನಿಲ್ಲಿಸಹೋದರೆ, ನಮ್ಮ ಇಟ್ಟಿಗೆ ಮನೆಗಳ ನಡುವೆ ಇದೆಂಥದು ಎಂದು ಅಲ್ಲಿಯವರು ಒಪ್ಪಲಿಲ್ಲ. ಟ್ರೇಲರಿನಲ್ಲಿ ತುಂಬಿಟ್ಟ ಮನೆ 2017ರಲ್ಲಿ ದೇಶದ ಆ ತುದಿಯಿಂದ ಈ ತುದಿಗೆ, ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್‌ಗೆ ಹೋಯಿತು. ಫ್ರೇ ತಮ್ಮ ಬದುಕಿನ ಬಹುಭಾಗ ಕಳೆದ ಊರು ಅದು. 2024ರ ಮಾರ್ಚ್‌ನಲ್ಲಿ ಅಲ್ಲಿಯ ಕಲಾ ಸಂಗ್ರಹಾಲಯದ ಅಂಗಳದಲ್ಲಿ ಜನ ನೋಡಲು ತೆರೆದರು. ನೀವು ಕೇಳಿದ ಹನ್ನೆರಡು ವರ್ಷ ಇದು. ಬಿಚ್ಚಿದ ಮನೆ ಪೆಟ್ಟಿಗೆಯಲ್ಲೇ ಕೊಳೆಯುವುದು ಈ ಕೆಲಸದ ದೊಡ್ಡ ಅಪಾಯ. ಎಲ್ಲಿ ನಿಲ್ಲಿಸುತ್ತೇವೆ ಎಂಬುದು ಕಾಗದದ ಮೇಲೆ ಬರುವ ತನಕ ಪಾನಾ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಬಿಚ್ಚಿ ಒಯ್ಯುವುದರಲ್ಲಿ ಇನ್ನೊಂದು ತಕರಾರಿದೆ, ಅದಕ್ಕೆ ಪಾನಾ ಉತ್ತರ ಹೇಳದು. ಫ್ರಾನ್ಸಿನ ಜಾನ್ ಪ್ರೂವೆ ಆಫ್ರಿಕದ ಫ್ರೆಂಚ್ ವಸಾಹತುಗಳಿಗಾಗಿ ಮಡಚಿದ ಉಕ್ಕು ಮತ್ತು ಅಲ್ಯೂಮಿನಿಯಂ ತಗಡಿನ ಮನೆ ರೂಪಿಸಿದ್ದರು. ಹೆಸರು ‘ಮೇಸೋಂ ತ್ರೋಪಿಕಾಲ್’, ಅಂದರೆ ಉಷ್ಣವಲಯದ ಮನೆ. ಯಾವ ತುಂಡೂ ಇಬ್ಬರು ಎತ್ತಲಾರದಷ್ಟು ಭಾರವಿರಬಾರದು ಎಂಬುದು ಅವರ ನಿಯಮ. ವಿಮಾನದಲ್ಲಿ ತುಂಬಿ ಕಳಿಸಿದರು. 1949ರಲ್ಲಿ ನೈಜರಿನ ನಿಯಾಮೆಯಲ್ಲಿ ಒಂದು, 1951ರಲ್ಲಿ ಕಾಂಗೊದ ಬ್ರಾಝಾವಿಲ್‌ನಲ್ಲಿ ಎರಡು ನಿಂತವು. ಬಿಸಿಲು ತಡೆಯಲು ಜಗಲಿಯ ಸುತ್ತ ತಿರುಗಿಸಬಲ್ಲ ಅಲ್ಯೂಮಿನಿಯಂ ಪಟ್ಟಿಗಳು, ಬಿಸಿಗಾಳಿ ಮೇಲಕ್ಕೆ ಹೋಗಲು ಎರಡು ಪದರದ ಚಾವಣಿ. ನಿಮ್ಮ ದಾವಣಗೆರೆಯ ಏಪ್ರಿಲ್ ಕಂಡಿದ್ದರೆ ಪ್ರೂವೆ ಇನ್ನೊಂದು ಪದರ ಹಾಕುತ್ತಿದ್ದರೇನೋ. ಅಲ್ಲಿಯೇ ಕಟ್ಟುವ ಮನೆಗಿಂತ ಅಗ್ಗವಾಗದ್ದರಿಂದ ಯೋಜನೆ ಮೂರು ಮನೆಗೇ ನಿಂತಿತು.

ಅರ್ಧ ಶತಮಾನದ ಮೇಲೆ, 2000ದ ಆಸುಪಾಸಿನಲ್ಲಿ, ಪ್ಯಾರಿಸ್ಸಿನ ವ್ಯಾಪಾರಿಯೊಬ್ಬರು ಮೂರನ್ನೂ ಕೊಂಡು, ಬಿಚ್ಚಿಸಿ, ಫ್ರಾನ್ಸಿಗೆ ಸಾಗಿಸಿದರು. ಬ್ರಾಝಾವಿಲ್‌ನ ತಗಡುಗಳಲ್ಲಿ ಅಂತರ್ಯುದ್ಧದ ಗುಂಡಿನ ತೂತುಗಳಿದ್ದವು. ದುರಸ್ತಿಯಾದ ಮೇಲೆ ಒಂದು ಮನೆ 2007ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 50 ಲಕ್ಷ ಡಾಲರಿಗೆ ಹೋಯಿತು. ಇನ್ನೊಂದು ಪ್ಯಾರಿಸ್ಸಿನ ಪಾಂಪಿದು ಸಂಗ್ರಹಾಲಯದ ಪಾಲಾಯಿತು. ಕೆಲಸ ಅಚ್ಚುಕಟ್ಟಾಗಿಯೇ ನಡೆಯಿತು. ಆದರೆ ಮನೆಗೆ ನೆಲದೊಡನೆಯೂ ಒಂದು ಕೀಲು ಇರುತ್ತದಲ್ಲ, ಅದಕ್ಕೆ ಯಾರೂ ಬಿಲ್ಲೆ ಕಟ್ಟಲಿಲ್ಲ. ಅದೇ ವರ್ಷ ಅಂಜೆಲಾ ಫೆರೇರಾ ಎಂಬ ಕಲಾವಿದೆ ವೆನಿಸ್ ಬಿಯೆನಾಲೆಯಲ್ಲಿ ಈ ಮನೆಗಳ ಮೇಲೆಯೇ ಕೃತಿ ಮಾಡಿದರು. ಕೊಂಡವರು ಒಯ್ಯದಿದ್ದರೆ ಗುಜರಿಗೆ ಹೋಗುತ್ತಿದ್ದವು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಿಸಿಲಿಗೆಂದು ಮಾಡಿದ ಮನೆ ಬಿಸಿಲಿನ ಊರಲ್ಲಿ ಒಂದೂ ಉಳಿಯದಿದ್ದುದು ಸರಿ ಎನಿಸುವುದಿಲ್ಲ.

ಬಿಚ್ಚಿ ಜೋಡಿಸುವ ವಿದ್ಯೆ ನಮಗೆ ಹೊಸದಲ್ಲ, ನಮ್ಮಲ್ಲಿ ಅದು ಕಲ್ಲಿನಲ್ಲಿ, ಮರದಲ್ಲಿ ನಡೆದಿದೆ. ನಿಮ್ಮೂರ ಈಶ್ವರ ದೇವಸ್ಥಾನದಂಥ ಚಾಲುಕ್ಯ ಕಾಲದ ಗುಡಿಗಳಲ್ಲಿ ಕಲ್ಲು ಕಲ್ಲಿನ ಮೇಲೆ ಕೂತಿರುವುದು ಗಾರೆಯಿಂದಲ್ಲ, ತೂಕದಿಂದ. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಶ್ರೀಹರಿ ಖೋಡೆಯವರ ಪ್ರತಿಷ್ಠಾನ ಕಲ್ಲು ಕಲ್ಲಿಗೂ ಸಂಖ್ಯೆ ಹಾಕಿಸಿ, ಫೋಟೋ ತೆಗೆಸಿ, ಹೊಸ ಕನ್ನಂಬಾಡಿಯ ದಡದಲ್ಲಿ ಕಟ್ಟಿಸಿತು. ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ನೆಲಸಮವಾಗಲಿದ್ದ ಮರದ ಮನೆಗಳನ್ನು ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬಿಚ್ಚಿ ತಂದು ನಿಲ್ಲಿಸಿದರು. ಅಲ್ಲಿ ಮರದ ಕೀಲು, ಬೆಣೆ. ಲೋಹದವರು ಪಡುವ ತುಕ್ಕಿನ ಪಾಡು ಇಲ್ಲ, ಗೆದ್ದಲಿನ ಪಾಡು ಇದ್ದೇ ಇತ್ತು.

ಲೋಹದ ಕಟ್ಟಡಕ್ಕೆ ಬಂದರೆ, ಹತ್ತಿರದಲ್ಲಿ ದೊಡ್ಡದು ಮುಂಬಯಿಯ ವ್ಯಾಟ್ಸನ್ಸ್ ಹೋಟೆಲ್. ರೋಲಂಡ್ ಮೇಸನ್ ಆರ್ಡಿಷ್ ರೂಪಿಸಿದ, ಇಂಗ್ಲೆಂಡಿನಲ್ಲಿ ಎರಕ ಹೊಯ್ದು 1860ರ ದಶಕದಲ್ಲಿ ಇಲ್ಲಿ ಜೋಡಿಸಿದ ಕಬ್ಬಿಣದ ಚೌಕಟ್ಟು. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದೂ ಅಲ್ಲೇ. ಈಗ ಎಸ್‌ಪ್ಲನೇಡ್ ಮ್ಯಾನ್ಶನ್ ಎಂಬ ಹೆಸರಿನಲ್ಲಿ ಶಿಥಿಲವಾಗಿದೆ, 2005ರಲ್ಲಿ ಬಾಲ್ಕನಿಯ ಒಂದು ಭಾಗ ಕುಸಿದಿತ್ತು, 2019ರಲ್ಲಿ ಕೆಡವುವ ಮಾತೂ ಬಂದಿತ್ತು. ಕಂಬಗಳ ನಡುವೆ ಇಟ್ಟಿಗೆ ತುಂಬಿರುವುದರಿಂದ ಅದನ್ನು ಪಾನಾ ಹಿಡಿದು ಬಿಚ್ಚುವುದು ಸುಲಭವಲ್ಲ.

ಕರ್ನಾಟಕದಲ್ಲಿ ನೀವು ಹೋಗಿ ಮುಟ್ಟಿ ನೋಡಬಹುದಾದದ್ದು ಎರಡು, ಎರಡಕ್ಕೂ ಎರಕ ಹೊಯ್ದದ್ದು ಗ್ಲಾಸ್ಗೊದ ವಾಲ್ಟರ್ ಮ್ಯಾಕ್‌ಫರ್ಲೇನ್ ಅವರ ಸ್ಯಾರಸೆನ್ ಫೌಂಡ್ರಿ. ಇಂಥ ಸಂಖ್ಯೆಯ ಕಂಬ, ಇಂಥ ಸಂಖ್ಯೆಯ ಕಟಕಟೆ ಎಂದು ಪಟ್ಟಿ ಅಚ್ಚು ಹಾಕಿ ಲೋಕಕ್ಕೆಲ್ಲ ಮಾರುತ್ತಿದ್ದ ಕಾರ್ಖಾನೆ ಅದು. ಒಂದು, ಮೈಸೂರು ಅರಮನೆಯ ಕಲ್ಯಾಣ ಮಂಟಪ. 1897ರಲ್ಲಿ ಮರದ ಅರಮನೆ ಮದುವೆಯ ಸಂಭ್ರಮದ ನಡುವೆ ಸುಟ್ಟು ಹೋದ ಮೇಲೆ ಹೆನ್ರಿ ಇರ್ವಿನ್ ಹೊಸದರಲ್ಲಿ ಕಬ್ಬಿಣವನ್ನು ಧಾರಾಳವಾಗಿ ಬಳಸಿದರು. ನೀಲಿ ಬಣ್ಣ ಹೊಡೆದ ಆ ಕಂಬಗಳು ಬೀಡು ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ಇನ್ನೊಂದು, ಲಾಲ್‌ಬಾಗಿನ ಗಾಜಿನ ಮನೆ. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಹಾಕಿದರು. ಅದಕ್ಕೆ ಮಾದರಿಯಾದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬಿಚ್ಚಿ ಜೋಡಿಸುವ ವಿದ್ಯೆಗೆ ದೊಡ್ಡಣ್ಣ: 1851ರಲ್ಲಿ ಹೈಡ್ ಪಾರ್ಕಿನಲ್ಲಿ ನಿಂತು, ಮರುವರ್ಷ ಬಿಚ್ಚಿಸಿಕೊಂಡು, 1854ರಲ್ಲಿ ಸಿಡನ್‌ಹ್ಯಾಮ್‌ನಲ್ಲಿ ಹಿಂದಿಗಿಂತ ದೊಡ್ಡದಾಗಿ ಎದ್ದಿತು. ಕೊನೆಗೆ ಬೆಂಕಿಗೆ ಸಿಕ್ಕಿ ಕರಗಿದ್ದು 1936ರ ನವೆಂಬರ್ 30ರಂದು, ಲಾಲ್‌ಬಾಗಿನ ಅಡಿಗಲ್ಲಿನ ತಾರೀಖಿಗೇ. ನಿಮ್ಮೂರ ಕುಂದುವಾಡ ಕೆರೆ ಹತ್ತಿರದ ಗಾಜಿನ ಮನೆ ಇದೇ ವಂಶದ ಹೊಸ ಕುಡಿ, ಅದರ ಮೈ ನಿಮ್ಮ ಕಸುಬಿನದೇ.

ಲಾಲ್‌ಬಾಗಿಗೆ ಹೋದರೆ ಪೂರ್ವದ ರೆಕ್ಕೆಯನ್ನು ಬೇರೆಯಾಗಿ ನೋಡಿ. 1935ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಸೇರಿಸಿದ ಭಾಗ ಅದು. ಅದಕ್ಕೆ ಗ್ಲಾಸ್ಗೊದಿಂದ ಏನೂ ಬರಲಿಲ್ಲ, ಬಂದದ್ದು ಭದ್ರಾವತಿಯ ಉಕ್ಕು. ಒಂದೇ ಚಾವಣಿಯಡಿ ಎರಡು ಲೋಹ, ಎರಡು ಗುಣ. ಎಂದಾದರೂ ಅದನ್ನು ಬಿಚ್ಚುವ ಕಾಲ ಬಂದು ನಿಮ್ಮನ್ನೋ ನಿಮ್ಮ ಶಿಷ್ಯರನ್ನೋ ಕರೆದರೆ, ಭದ್ರಾವತಿಯ ಕಡೆ ಕೆಲಸ ನಿಮಗೆ ಪರಿಚಯದ್ದೇ. ಹಳೇ ಭಾಗಕ್ಕೆ ಬಂದಾಗ ಮಾತ್ರ ಸುತ್ತಿಗೆ ಪೆಟ್ಟಿಗೆಯಲ್ಲೇ ಇರಲಿ, ಬಿಲ್ಲೆ ಮತ್ತು ತಂತಿ ಸಾಕಷ್ಟು ಒಯ್ಯಿರಿ.